ಗೊರಕೆ ಹೊಡೆಯುವವರೇ, ಹಲ್ಲು ಉಳಿಸಿಕೊಳ್ಳಿ



ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ದನದ ಪೇಟೆ ಕೂಡುತ್ತದೆ. ಅಲ್ಲಿ ಎತ್ತು ಕೊಳ್ಳಲು ಹೋದವನು ಮೊದಲು ಮಾಡುವ ಕೆಲಸ ಯಾವುದು? ಎತ್ತಿನ ತುಟಿ ಸರಿಸಿ ಹಲ್ಲು ನೋಡುವುದು. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂದು ತಿಳಿದ ಮೇಲೆಯೇ ವ್ಯಾಪಾರದ ಮಾತು. ಇಷ್ಟು ಜಾಣರಾದ ನಾವು ನಮ್ಮ ಸ್ವಂತ ಬಾಯಿಯನ್ನು ವೈದ್ಯರಿಗೆ ತೋರಿಸುವುದು ದವಡೆ ಊದಿ, ಎರಡು ರಾತ್ರಿ ನಿದ್ದೆಗೆಟ್ಟ ಮೇಲೆ ಮಾತ್ರ. ಅದೂ "ಕಿತ್ತು ಒಗೀರಿ ಸಾಹೇಬ್ರ, ಕಿರಿಕಿರಿ ಹೋಗ್ಲಿ" ಎಂದು ಹೇಳುವುದಕ್ಕಾಗಿ.

ಈ ಸಲದ ಅಂಕಣದಲ್ಲಿ ಗೊರಕೆಯ ವಿಷಯ ಬರೆಯುತ್ತಿದ್ದೇನೆ. "ತೊಗರಿಗೆ ಬೆಲೆ ಇಲ್ಲ, ಬಾವಿಯಲ್ಲಿ ನೀರಿಲ್ಲ, ನಮ್ಮ ಫಾದರ್‌ಗೆ ಗೊರಕೆಯ ಚಿಂತೆ" ಎಂದು ಕೆಲವರು ನಗಬಹುದು. ನಗಲಿ. ಆದರೆ ಗೊರಕೆಗೂ ಹಲ್ಲಿನ ವೈದ್ಯರಿಗೂ ಏನು ಸಂಬಂಧ ಎಂದು ಕೇಳುವವರಿಗೆ ಉತ್ತರ ಕೊಡಲೇಬೇಕು, ಏಕೆಂದರೆ ಕೆಲವು ವರ್ಷಗಳ ಹಿಂದೆ ನಾನೂ ಅದನ್ನೇ ಕೇಳಿದ್ದೆ.

ನನ್ನ ಕಥೆಯನ್ನೇ ಮೊದಲು ಹೇಳಿಬಿಡುತ್ತೇನೆ. ಗುರುಮಠದಲ್ಲಿ ಓದುವಾಗಲೇ ನನ್ನ ಗೊರಕೆಗೆ ಹೆಸರಿತ್ತು. ಜೊತೆಯವರು ನನಗೆ 'ರಾಶಿ ಮಶೀನು' ಎಂದು ಹೆಸರಿಟ್ಟಿದ್ದರು. ಆಗ ಅದು ನಗೆಯ ಮಾತು. ಐವತ್ತು ದಾಟಿದ ಮೇಲೆ ಬೆಳಿಗ್ಗೆ ಎದ್ದಾಗ ತಲೆಭಾರ, ಬಾಯಿ ಒಣಗಿ ಕಟ್ಟಿಗೆಯಾದಂತೆ, ಮಧ್ಯಾಹ್ನ ಎಲ್ಲಿ ಕುಳಿತರೂ ತೂಕಡಿಕೆ ಶುರುವಾಯಿತು. ರಕ್ತದೊತ್ತಡಕ್ಕೆ ಒಂದು ಗುಳಿಗೆ ಹೋಗಿ ಮೂರಾದವು, ಆದರೂ ಒತ್ತಡ ಇಳಿಯಲಿಲ್ಲ. ಒಂದು ದಿನ ಪಾಪನಿವೇದನೆ ಕೇಳುತ್ತಾ ಕುಳಿತವನು ಹಾಗೆಯೇ ನಿದ್ದೆಹೋದೆ. ಎಚ್ಚರವಾದಾಗ ಅಜ್ಜ ಮೊಣಕಾಲೂರಿ ಸುಮ್ಮನೆ ಕಾಯುತ್ತಿದ್ದರು. "ಎಬ್ಬಿಸಬಾರದಿತ್ತೇ ಅಜ್ಜಾ?" ಎಂದೆ. "ದಣಿದಿದ್ರಿ ಫಾದರ್, ಮಲಗ್ಲಿ ಅಂತ ಬಿಟ್ಟೆ" ಎಂದರು. (ಅವರ ಒಪ್ಪಿಗೆ ಪಡೆದೇ ಇಷ್ಟನ್ನು ಬರೆದಿದ್ದೇನೆ.) ನನಗೆ ನಾಚಿಕೆಯಾಯಿತು. ದಣಿವು ಎಂದು ನಾನೂ ನಂಬಿದ್ದೆ. ರಾತ್ರಿ ಎಂಟು ತಾಸು ಮಲಗಿದವನಿಗೆ ದಣಿವು ಎಲ್ಲಿಂದ ಬಂತು ಎಂದು ವಿಚಾರ ಮಾಡಲಿಲ್ಲ.

ಕೊನೆಗೆ ವೈದ್ಯರೊಬ್ಬರು ಕೇಳಿದ ಪ್ರಶ್ನೆ: "ರಾತ್ರಿ ನಿಮ್ಮ ಹತ್ತಿರ ಯಾರು ಮಲಗುತ್ತಾರೆ?" ಗುರುಗಳಿಗೆ ಕೇಳುವ ಪ್ರಶ್ನೆಯೇ ಇದು! ಆದರೆ ಅವರು ಕೇಳಿದ್ದು ಸರಿಯೇ ಇತ್ತು. ಈ ರೋಗ ರೋಗಿಗೆ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಮಲಗಿದವರಿಗೆ ಗೊತ್ತಾಗುತ್ತದೆ. ನಮ್ಮಂಥ ಗುರುಗಳು, ಹೆಂಡತಿ ತೀರಿಕೊಂಡವರು, ಹೊಲದ ವಸ್ತಿಯಲ್ಲಿ ಕಾವಲಿಗೆ ಒಬ್ಬರೇ ಮಲಗುವವರು, ಇವರಿಗೆಲ್ಲ ಸಾಕ್ಷಿಯೇ ಇಲ್ಲ. ನನಗೆ ಸಾಕ್ಷಿ ಹೇಳಿದವರು ಒಂದು ರಾತ್ರಿ ಪಕ್ಕದ ಕೋಣೆಯಲ್ಲಿ ತಂಗಿದ್ದ ಸಹಗುರುಗಳು. "ನಿಮ್ಮ ಗೊರಕೆಗೆ ನಾನು ಹೆದರಲಿಲ್ಲ, ಅದು ನಿಂತಾಗ ಹೆದರಿದೆ. ಸತ್ತರೇನೋ ಎಂದು ಬಂದು ಬಾಗಿಲು ಬಡಿದೆ" ಎಂದರು.

ಆ ನಿಲ್ಲುವುದೇ ರೋಗ. ವೈದ್ಯರು ಇದಕ್ಕೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ನಿದ್ರೆಯಲ್ಲಿ ಉಸಿರು ಕಟ್ಟುವ ರೋಗ ಎಂದು ನಾವು ಕರೆಯೋಣ. ಇದು ಹೇಗೆ ಆಗುತ್ತದೆ ಎಂಬುದನ್ನು ಮೋಟಾರಿನ ಪಂಪು ಇಟ್ಟವರಿಗೆ ವಿವರಿಸುವುದು ಸುಲಭ. ಬಾವಿಗೆ ಇಳಿಬಿಟ್ಟ ಸಕ್ಷನ್ ಪೈಪು ಗಟ್ಟಿಯಾಗಿದ್ದರೆ ಪಂಪು ಎಷ್ಟೇ ಎಳೆದರೂ ನೀರು ಬರುತ್ತದೆ. ಅದೇ ಮೆತ್ತನೆಯ ಹಳೆಯ ಪೈಪು ಹಾಕಿ ನೋಡಿ: ಪಂಪು ಎಳೆದಂತೆ ಪೈಪು ಒಳಗೇ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ, ಮೋಟಾರು ಒದರುತ್ತದೆ, ನೀರು ಬರುವುದಿಲ್ಲ. ನಮ್ಮ ಗಂಟಲೂ ಮೆತ್ತನೆಯ ಪೈಪೇ. ಎಚ್ಚರವಿದ್ದಾಗ ಸ್ನಾಯುಗಳು ಅದನ್ನು ಬಿಗಿಯಾಗಿ ತೆರೆದು ಹಿಡಿದಿರುತ್ತವೆ. ನಿದ್ದೆಯಲ್ಲಿ ಸ್ನಾಯು ಸಡಿಲವಾಗಿ, ಕೆಳದವಡೆ ಹಿಂದೆ ಜಾರಿ, ಅದಕ್ಕೆ ಅಂಟಿದ ನಾಲಿಗೆಯೂ ಹಿಂದಕ್ಕೆ ಬೀಳುತ್ತದೆ. ದಾರಿ ಕಿರಿದಾದಾಗ ಬರುವ ಸದ್ದು ಗೊರಕೆ. ದಾರಿ ಪೂರ್ತಿ ಮುಚ್ಚಿದಾಗ ಸದ್ದೂ ಇಲ್ಲ, ಉಸಿರೂ ಇಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಾಗಿ ಅರೆಕ್ಷಣ ಎಬ್ಬಿಸುತ್ತದೆ, ಮನುಷ್ಯ ದೊಡ್ಡದಾಗಿ ಉಸಿರೆಳೆದು ಮತ್ತೆ ಮಲಗುತ್ತಾನೆ. ಬೆಳಿಗ್ಗೆ ಅವನಿಗೆ ಇದರಲ್ಲಿ ಒಂದೂ ನೆನಪಿರುವುದಿಲ್ಲ.

ಹತ್ತು ಸೆಕೆಂಡು ಅಥವಾ ಹೆಚ್ಚು ಹೊತ್ತು ಉಸಿರು ನಿಂತರೆ, ಇಲ್ಲವೆ ಬಹಳ ಕುಗ್ಗಿದರೆ ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಗಂಟೆಗೆ 5ರಿಂದ 15 ಸಲ ಆದರೆ ಸೌಮ್ಯ, 15ರಿಂದ 30 ಆದರೆ ಮಧ್ಯಮ, ಅದಕ್ಕೂ ಮೇಲೆ ಹೋದರೆ ತೀವ್ರ. ನನ್ನದು 22. ರಾತ್ರಿಗೆ ಲೆಕ್ಕ ಹಾಕಿ ನೋಡಿ, ನೂರೈವತ್ತು ಸಲಕ್ಕೂ ಮೇಲೆ ಯಾರೋ ಕುತ್ತಿಗೆ ಹಿಚುಕಿ ಬಿಟ್ಟಂತೆ. ಹೀಗೆ ವರ್ಷಗಟ್ಟಲೆ ನಡೆದರೆ ರಕ್ತದೊತ್ತಡ ಏರದೆ ಏನಾದೀತು? ಹೃದಯದ ಬಡಿತ ತಪ್ಪುವುದು, ಲಕ್ವ ಹೊಡೆಯುವುದು, ಸಕ್ಕರೆ ಕಾಯಿಲೆ ಹತೋಟಿಗೆ ಬಾರದಿರುವುದು, ಇವುಗಳ ಹಿಂದೆಯೂ ಈ ರೋಗ ಇರಬಹುದು ಎನ್ನುತ್ತಾರೆ ವೈದ್ಯರು. ಹಿಂದಿ ಚಿತ್ರಗಳ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ 2022ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ತೀರಿಕೊಂಡಾಗ ಆಸ್ಪತ್ರೆಯವರು ಹೇಳಿದ ಕಾರಣ ಇದೇ ಆಗಿತ್ತು. ಇದು ಪಟ್ಟಣದ ದಪ್ಪ ಮೈಯವರ ರೋಗವೆಂದು ಕೈಬಿಡಬೇಡಿ. ದೆಹಲಿಯ ಏಮ್ಸ್ ವೈದ್ಯರು ನಮ್ಮ ದೇಶದ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ 2023ರಲ್ಲಿ ಕೊಟ್ಟ ಲೆಕ್ಕದಂತೆ ವಯಸ್ಕರಲ್ಲಿ ನೂರಕ್ಕೆ 11 ಮಂದಿಗೆ ಇದು ಇದೆ: ಗಂಡಸರಲ್ಲಿ 13, ಹೆಂಗಸರಲ್ಲಿ 5. ಮೈ ತೆಳ್ಳಗಿದ್ದರೂ ಕೆಳದವಡೆ ಚಿಕ್ಕದಾಗಿ ಹಿಂದೆ ಸರಿದಿದ್ದರೆ ಸಾಕು, ಗಂಟಲು ಕಿರಿದಾಗುತ್ತದೆ.

ಇಲ್ಲಿಯೇ ಹಲ್ಲಿನ ವೈದ್ಯರು ಬರುತ್ತಾರೆ.

ಮೊದಲ ಮಾತು, ನಮ್ಮ ಬಾಯಿಯನ್ನು ದೀಪ ಹಿಡಿದು ಹತ್ತು ನಿಮಿಷ ನೋಡುವವರು ಅವರೊಬ್ಬರೇ. ಜ್ವರ ಬಂದು ಹೋದರೆ ವೈದ್ಯರು "ಆ ಅನ್ನಿ" ಎಂದು ಒಂದು ಕ್ಷಣ ನೋಡಿ ಬಿಡುತ್ತಾರೆ. ಹಲ್ಲಿನ ವೈದ್ಯರಿಗೆ ನಾಲಿಗೆಯ ಅಂಚಿನಲ್ಲಿ ಹಲ್ಲಿನ ಗುರುತು ಬಿದ್ದದ್ದು ಕಾಣುತ್ತದೆ, ರಾತ್ರಿ ಕಡಿದು ಕಡಿದು ಸವೆದ ಹಲ್ಲು ಕಾಣುತ್ತದೆ, ಕಿರಿದಾದ ಎತ್ತರದ ಅಂಗುಳ, ಊದಿದ ಕಿರುನಾಲಿಗೆ, ದೊಡ್ಡ ಟಾನ್ಸಿಲು, ಒಣಗಿದ ಬಾಯಿ, ಹಿಂದೆ ಸರಿದ ಗದ್ದ ಕಾಣುತ್ತವೆ. ಆಂಧ್ರದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಅರಿವಳಿಕೆ ವೈದ್ಯ ಮಲ್ಲಂಪಾಟಿ ಎಂಬವರು 1985ರಲ್ಲಿ ಒಂದು ಸರಳ ಪರೀಕ್ಷೆ ಹೇಳಿದರು. ಬಾಯಿ ದೊಡ್ಡದಾಗಿ ತೆರೆದು ನಾಲಿಗೆ ಹೊರಗೆ ಚಾಚಿದಾಗ ಕಿರುನಾಲಿಗೆ ಪೂರ್ತಿ ಕಾಣುತ್ತದೆಯೋ, ಅರ್ಧವೋ, ಕಾಣುವುದೇ ಇಲ್ಲವೋ ಎಂದು ನೋಡುವುದು. ಅವರು ಇದನ್ನು ಹೇಳಿದ್ದು ಅರಿವಳಿಕೆ ಕೊಡುವಾಗ ಗಂಟಲಿಗೆ ನಳಿಕೆ ಹಾಕುವುದು ಕಷ್ಟವೋ ಸುಲಭವೋ ಎಂದು ತಿಳಿಯಲಿಕ್ಕೆ. ಈಗ ಗೊರಕೆಯವರ ಗಂಟಲು ನೋಡಲಿಕ್ಕೂ ಅದು ಬಳಕೆಯಲ್ಲಿದೆ. ಕನ್ನಡಿ, ಬ್ಯಾಟರಿ ಹಿಡಿದು ನೀವೂ ನೋಡಿಕೊಳ್ಳಬಹುದು. ಕಾಣದಿದ್ದರೆ ರೋಗವಿದೆ ಎಂದರ್ಥವಲ್ಲ, ಕೇಳಿ ನೋಡಲು ಒಂದು ಕಾರಣ ಅಷ್ಟೆ.

ಎರಡನೆಯ ಮಾತು ಚಿಕಿತ್ಸೆಯದು. ಈ ರೋಗಕ್ಕೆ ಬಲವಾದ ಮದ್ದೆಂದರೆ 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಎಂಬ ವೈದ್ಯರು ತೋರಿಸಿಕೊಟ್ಟ ಗಾಳಿಯ ಯಂತ್ರ. ಸಿಪ್ಯಾಪ್ ಎನ್ನುತ್ತಾರೆ. ಮೂಗಿಗೆ ಮುಖವಾಡ ಕಟ್ಟಿ ಒತ್ತಡದ ಗಾಳಿ ಬಿಟ್ಟರೆ ಮೆತ್ತನೆಯ ಪೈಪು ಉಬ್ಬಿ ನಿಲ್ಲುತ್ತದೆ. ರೋಗ ತೀವ್ರವಾಗಿದ್ದವರಿಗೆ ಇಂದಿಗೂ ಅದೇ ಮೊದಲನೆಯದು, ಅದರಲ್ಲಿ ಮಾತಿಲ್ಲ. ನನಗೂ ಅದನ್ನೇ ಕೊಟ್ಟರು. ನಾನು ಅದರೊಂದಿಗೆ ಆರು ತಿಂಗಳು ಗುದ್ದಾಡಿದೆ. ರಾತ್ರಿ ಎರಡು ಗಂಟೆಗೆ ಕರೆಂಟು ಹೋದರೆ ಮುಖವಾಡದೊಳಗೆ ಉಸಿರುಗಟ್ಟಿ ಎದ್ದು ಕೂರುವುದು, ಬೇಸಿಗೆಯಲ್ಲಿ ಮುಖವೆಲ್ಲ ಬೆವರು. ಕೊನೆಗೆ ಅದು ಕಪಾಟು ಸೇರಿತು. ತಪ್ಪು ಯಂತ್ರದ್ದಲ್ಲ, ನನ್ನ ತಾಳ್ಮೆಯದು. ಆದರೆ ಕಪಾಟಿನಲ್ಲಿರುವ ಯಂತ್ರ ಯಾರನ್ನೂ ಬದುಕಿಸುವುದಿಲ್ಲವಲ್ಲ.

ಆಗ ವೈದ್ಯರು ಚೀಟಿ ಬರೆದು ಹಲ್ಲಿನ ವೈದ್ಯರ ಬಳಿ ಕಳಿಸಿದರು. ಮೇಲಿನ ಹಲ್ಲಿಗೊಂದು, ಕೆಳಗಿನ ಹಲ್ಲಿಗೊಂದು ಎಂದು ಎರಡು ಅಚ್ಚುಪಟ್ಟಿ ಮಾಡಿ, ಕೆಳದವಡೆಯನ್ನು ಕೆಲವು ಮಿಲಿಮೀಟರು ಮುಂದಕ್ಕೆ ಎಳೆದು ಹಿಡಿಯುವ ಸಾಧನವದು. ದವಡೆ ಮುಂದೆ ಬಂದರೆ ನಾಲಿಗೆಯೂ ಮುಂದೆ ಬರುತ್ತದೆ, ಗಂಟಲು ತೆರೆಯುತ್ತದೆ. ಮೂಗುದಾರ ಹಿಡಿದು ಎತ್ತನ್ನು ಮುಂದಕ್ಕೆ ಎಳೆದಂತೆ. ಇದು ಹೊಸ ಯುಕ್ತಿಯೂ ಅಲ್ಲ. ಪ್ಯಾರಿಸ್ಸಿನ ಬಾಯಿಯ ವೈದ್ಯ ಪಿಯರ್ ರೋಬಿನ್ 1902ರಷ್ಟು ಹಿಂದೆಯೇ, ಚಿಕ್ಕ ದವಡೆಯ ಕಾರಣ ನಾಲಿಗೆ ಹಿಂದೆ ಬಿದ್ದು ಉಸಿರುಗಟ್ಟುವ ಮಕ್ಕಳಿಗೆ ದವಡೆ ಮುಂದೆ ತರುವ ಸಾಧನ ಮಾಡಿದ್ದರು. ನಡುವೆ ಲೋಕ ಅದನ್ನು ಮರೆತಂತಿತ್ತು. 2015ರಲ್ಲಿ ಅಮೆರಿಕದ ನಿದ್ರಾವೈದ್ಯರ ಸಂಸ್ಥೆಯೂ ದಂತವೈದ್ಯರ ಸಂಸ್ಥೆಯೂ ಸೇರಿ ಯಂತ್ರ ಒಗ್ಗದವರಿಗೆ, ಬೇಡವೆಂದವರಿಗೆ ಈ ಸಾಧನ ಕೊಡಬಹುದು ಎಂದು ಸೂಚಿಸಿದವು. ಯಂತ್ರದಷ್ಟು ಪೂರ್ತಿಯಾಗಿ ಇದು ಉಸಿರುಕಟ್ಟನ್ನು ತಗ್ಗಿಸುವುದಿಲ್ಲ. ಆದರೆ ಜನ ಇದನ್ನು ರಾತ್ರಿಯಿಡೀ ಹಾಕಿಕೊಳ್ಳುತ್ತಾರೆ. ಕರೆಂಟು ಬೇಡ, ಸದ್ದಿಲ್ಲ, ಜೇಬಿನಲ್ಲಿಟ್ಟುಕೊಂಡು ವಸ್ತಿಗೂ ಒಯ್ಯಬಹುದು. ನಮ್ಮ ಊರುಗಳಿಗೆ ಇದಕ್ಕಿಂತ ಹೊಂದುವ ವಸ್ತು ಯಾವುದಿದೆ?

ಆದರೆ ಆ ದಿನ ನನ್ನ ಬಾಯಿ ನೋಡಿದ ವೈದ್ಯರು ಅಚ್ಚು ತೆಗೆದುಕೊಳ್ಳಲೇ ಇಲ್ಲ. "ಫಾದರ್, ಸಾಧನ ನಿಲ್ಲಬೇಕಾದರೆ ಹಲ್ಲು ಬೇಕಲ್ಲ" ಎಂದರು. ಕೆಳಗಿನ ಎರಡು ದವಡೆಹಲ್ಲುಗಳನ್ನು ನಾನು ಹಿಂದೆ ಎಂದೋ ಒಂದು ಕಡೆ ಕೀಳಿಸಿದ್ದೆ. ಉಳಿಸಬಹುದಿತ್ತೇನೋ, ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಉಳಿದ ಹಲ್ಲುಗಳಲ್ಲಿ ಮೂರಕ್ಕೆ ವಸಡು ಸಡಿಲ. ಮೊದಲು ಮೂರು ತಿಂಗಳು ವಸಡಿನ ಚಿಕಿತ್ಸೆ, ಆಮೇಲೆ ಸಾಧನ. ಸ್ವಲ್ಪದರಲ್ಲಿ ಪಾರಾದೆ. ಪ್ರತಿ ದವಡೆಯಲ್ಲಿ ಎಂಟು ಹತ್ತು ಗಟ್ಟಿ ಹಲ್ಲುಗಳಿಲ್ಲದಿದ್ದರೆ ಈ ಸಾಧನ ಸಾಮಾನ್ಯವಾಗಿ ಕೂರುವುದಿಲ್ಲ. ಪೂರ್ತಿ ಕಟ್ಟಿಸಿದ ಹಲ್ಲಿನವರಿಗಂತೂ ಇದು ಬಹುತೇಕ ಆಗದ ಮಾತು.

ಬಂಧುಗಳೇ, ನಾನು ಇಷ್ಟುದ್ದ ಬರೆದದ್ದು ಈ ಒಂದು ಮಾತಿಗಾಗಿ. ಹಲ್ಲು ಇರುವುದು ಖಡಕ್ ರೊಟ್ಟಿ ತಿನ್ನಲಿಕ್ಕೆ ಮಾತ್ರ ಎಂದು ನಾವು ತಿಳಿದಿದ್ದೇವೆ. ಮುಪ್ಪಿನಲ್ಲಿ ಉಸಿರಾಟದ ದಾರಿ ಕಾಯಲಿಕ್ಕೂ ಅದೇ ಹಲ್ಲು ಬೇಕಾಗಬಹುದು. ನಮ್ಮ ಹೆಣ್ಣುಮಕ್ಕಳು ಬೆಳಿಗ್ಗೆ ಎದ್ದು ಸುಟ್ಟ ತಂಬಾಕಿನ ಮಿಶ್ರಿ ತಿಕ್ಕುತ್ತಾರೆ. ಹಲ್ಲು ಗಟ್ಟಿಯಾಗುತ್ತದೆ ಎಂಬ ನಂಬಿಕೆ. ಆಗುವುದು ಅದಕ್ಕೆ ವಿರುದ್ಧ, ವಸಡು ಕರಗುತ್ತದೆ. ಗಂಡಸರದು ಸುಣ್ಣ ತಂಬಾಕು, ಹುಡುಗರದು ಗುಟ್ಕಾ. ಮಹಾರಾಷ್ಟ್ರದಲ್ಲಿ 2012ರಿಂದ ಗುಟ್ಕಾ ನಿಷೇಧವಿದೆ ಎಂದು ಗೊತ್ತಿದ್ದೂ ಬಸ್‌ಸ್ಟ್ಯಾಂಡಿನ ಗೋಡೆ ನೋಡಿದರೆ ನಗು ಬರುತ್ತದೆ. ಗುಟ್ಕಾ, ಅಡಿಕೆ ತಿಂದು ಕೆನ್ನೆಯ ಒಳಭಾಗ ಬಿಗಿದು ಬಾಯಿಗೆ ಎರಡು ಬೆರಳೂ ಹೋಗದ ಯುವಕರನ್ನು ನೀವೂ ನೋಡಿದ್ದೀರಿ. ಅದು ಕ್ಯಾನ್ಸರಿನ ಹಾದಿ ಎಂಬುದು ಒಂದು ಕಡೆಯಾದರೆ, ಅಂಥ ಬಾಯಿಯಿಂದ ಅಚ್ಚು ತೆಗೆಯುವುದಾದರೂ ಹೇಗೆ?

ಹಲ್ಲಿನ ವೈದ್ಯರಿಗೂ ನನ್ನದೊಂದು ಮಾತಿದೆ. ಅಮೆರಿಕದ ದಂತವೈದ್ಯರ ಸಂಘ 2017ರಲ್ಲಿ ಒಂದು ನಿಲುವು ತಳೆಯಿತು: ಬಂದ ಪ್ರತಿ ರೋಗಿಯನ್ನೂ ನಿದ್ದೆಯ ಬಗ್ಗೆ ವಿಚಾರಿಸಿರಿ, ಸಂಶಯ ಬಂದರೆ ವೈದ್ಯರ ಬಳಿ ಕಳಿಸಿರಿ, ವೈದ್ಯರು ಬರೆದುಕೊಟ್ಟ ಮೇಲೆ ಸಾಧನ ಮಾಡಿರಿ, ಮಾಡಿದ ಮೇಲೆ ಕೈಬಿಡದೆ ನೋಡಿಕೊಳ್ಳಿರಿ ಎಂದು. ಇದರಲ್ಲಿ ನಮಗೆ ಬೇಡವಾದದ್ದು ಏನಿದೆ? ನಮ್ಮ ಕಡೆಯ ದಂತ ಶಿಬಿರಗಳಲ್ಲಿ ಹುಳುಕು ಎಣಿಸುತ್ತಾರೆ, ಕೀಳುತ್ತಾರೆ, ಪೇಸ್ಟು ಹಂಚುತ್ತಾರೆ. ನಿದ್ದೆ ಹೇಗೆ ಎಂದು ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ. ಇದಕ್ಕೆ ತಿರುಗುಮುರುಗಾಗಿ ಇನ್ನೊಂದು ಅಪಾಯವೂ ಇದೆ. ಪರೀಕ್ಷೆಯನ್ನೇ ಮಾಡಿಸದೆ "ಗೊರಕೆ ನಿಲ್ಲುತ್ತದೆ" ಎಂದು ಸಾಧನ ಮಾರುವವರು ಇದ್ದಾರೆ, ಬಿಸಿನೀರಿನಲ್ಲಿ ಅದ್ದಿ ಕಚ್ಚುವ ಅಗ್ಗದವು ಮೊಬೈಲಿನಲ್ಲೂ ಸಿಗುತ್ತವೆ. ಗೊರಕೆಯ ಸದ್ದು ನಿಂತು ಉಸಿರುಕಟ್ಟು ಹಾಗೆಯೇ ಉಳಿದರೆ ಅದಕ್ಕಿಂತ ಕೆಟ್ಟದ್ದಿಲ್ಲ, ಏಕೆಂದರೆ ಆಗ ಹೆಂಡತಿಗೂ ಗೊತ್ತಾಗುವುದಿಲ್ಲ. ರೋಗ ಇದೆ ಎಂದು ಹೇಳಬೇಕಾದವರು ವೈದ್ಯರು, ಅದೂ ಸ್ಲೀಪ್ ಸ್ಟಡಿ ಮಾಡಿಸಿ. ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿಸಿಯೋ, ಮನೆಗೇ ಚಿಕ್ಕ ಉಪಕರಣ ಕೊಟ್ಟೋ ಅದನ್ನು ಮಾಡುತ್ತಾರೆ.

ಸಾಧನದಲ್ಲಿ ತೊಂದರೆ ಇಲ್ಲವೆಂದಲ್ಲ. ಮೊದಲ ವಾರ ದಿಂಬೆಲ್ಲ ಜೊಲ್ಲು. ಕಿವಿಯ ಹತ್ತಿರ ದವಡೆಯ ಕೀಲು ನೋಯುತ್ತದೆ. ಬೆಳಿಗ್ಗೆ ತೆಗೆದ ಮೇಲೆ ಅರ್ಧ ತಾಸು ಹಿಂದಿನ ಹಲ್ಲುಗಳು ಒಂದಕ್ಕೊಂದು ಕೂಡುವುದಿಲ್ಲ. ಆಗ ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ ಎದುರಿಗಿದ್ದರೂ ಸುಮ್ಮನೆ ನೋಡುತ್ತಾ ಕೂರಬೇಕು. ವರ್ಷಗಳು ಕಳೆದಂತೆ ಹಲ್ಲು ಸ್ವಲ್ಪ ಸರಿಯುವುದೂ ಉಂಟು, ಆದ್ದರಿಂದ ಹೋಗಿ ತೋರಿಸುತ್ತಿರಬೇಕು. ಬೆಲೆಯೂ ಕಡಿಮೆಯಲ್ಲ. ನನಗೆ ಮೆಲ್ಲಮೆಲ್ಲಗೆ ದವಡೆ ಮುಂದೆ ತಂದು, ಸಾಧನ ಹಾಕಿಕೊಂಡೇ ಮತ್ತೊಮ್ಮೆ ಪರೀಕ್ಷೆ ಮಾಡಿದಾಗ 22 ಇದ್ದದ್ದು 7ಕ್ಕೆ ಬಂದಿತ್ತು. ಒಂದು ಗುಳಿಗೆ ಕಡಿಮೆಯಾಯಿತು. ಪಾಪನಿವೇದನೆಯಲ್ಲಿ ಈಗ ಎಚ್ಚರವಾಗಿರುತ್ತೇನೆ, ಬೇಕಾದರೆ ಬಂದು ನೋಡಿ.

ತೂಕ ಇಳಿಸುವುದು, ಮಲಗುವ ಮೊದಲು ಕುಡಿಯದಿರುವುದು, ಅಂಗಾತ ಮಲಗದೆ ಮಗ್ಗುಲಾಗಿ ಮಲಗುವುದು, ಇವೂ ಬೇಕು. ಇವಕ್ಕೆ ಕಾಸು ಖರ್ಚಿಲ್ಲ. ಶಸ್ತ್ರಚಿಕಿತ್ಸೆಗೆ ಹೋಗುವ ಗೊರಕೆಯವರು ಅರಿವಳಿಕೆ ಕೊಡುವವರಿಗೆ ಮೊದಲೇ ಹೇಳಿರಿ. ಮಕ್ಕಳು ಬಾಯಿ ತೆರೆದು ಮಲಗಿ ಗೊರಕೆ ಹೊಡೆಯುತ್ತಿದ್ದರೆ ಅವರ ದಾರಿ ಬೇರೆ. ಅವರಲ್ಲಿ ಟಾನ್ಸಿಲು ಮತ್ತು ಮೂಗಿನ ಹಿಂದಿನ ಗಡ್ಡೆ ಮುಖ್ಯ ಕಾರಣ, ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಬೇಕು. ಶಾಲೆಯಲ್ಲಿ ತೂಕಡಿಸುವ ಹುಡುಗನಿಗೆ ಬಡಿಯುವ ಮೊದಲು ಇದನ್ನೊಂದು ವಿಚಾರಿಸಿ.

ಹಗಲು ತೂಕಡಿಸುವವರೆಲ್ಲ ರೋಗಿಗಳೂ ಅಲ್ಲ. ರಾತ್ರಿ ಪಾಳಿಯ ಕರೆಂಟಿಗೆ ಎದ್ದು ಕಬ್ಬಿಗೆ ನೀರು ಬಿಟ್ಟವನು ಹಗಲು ಮಲಗದೆ ಏನು ಮಾಡಿಯಾನು? ಆದರೆ ನಿದ್ದೆ ಪೂರ್ತಿ ಮಾಡಿಯೂ ತೂಕಡಿಸುವವನು ಬೇರೆ. ಕಳೆದ ಹಂಗಾಮಿನಲ್ಲಿ ನಮ್ಮ ಒಬ್ಬ ತಮ್ಮ ಎರಡು ಟ್ರಾಲಿ ಕಬ್ಬು ಹೇರಿಕೊಂಡು ಅಕ್ಕಲಕೋಟೆಯ ದಾರಿಯಲ್ಲಿ ಹೋಗುವಾಗ ಕಣ್ಣು ಹತ್ತಿ ಟ್ರ್ಯಾಕ್ಟರನ್ನು ತಗ್ಗಿಗೆ ಇಳಿಸಿದ. ಜೀವಕ್ಕೆ ಏನೂ ಆಗಲಿಲ್ಲ. ಕುಡಿದಿದ್ದ ಎಂದು ಊರು ಮಾತಾಡಿತು. ಅವನ ಹೆಂಡತಿ ನನ್ನ ಬಳಿ ಬಂದು, "ಕುಡಿಯೂದಿಲ್ರಿ ಫಾದರ್ ಅವರು. ರಾತ್ರಿ ಗೊರಕಿ ಹೊಡಿತಾರ, ನಡುಕ ನಿಂತುಬಿಡ್ತದ, ನಾ ಎದಿ ಮ್ಯಾಲೆ ಕೈ ಇಟ್ಟು ನೋಡ್ತೀನಿ. ಅತ್ತಿ ಮುಂದ ಹೇಳಿದ್ರ, ದುಡದು ಬಂದಾವ ಛಲೋ ನಿದ್ದಿ ಮಾಡ್ತಾನ ಅಂತಾರ" ಎಂದಳು. ಆ ತಂಗಿ ಕಳೆದ ವರ್ಷವೇ ಹೇಳಿದ್ದಳು, ಕೇಳಿದವರಿಲ್ಲ.

ಅದಕ್ಕೆ ತಾಯಂದಿರೇ, ಗಂಡನ ಉಸಿರು ನಿಂತಾಗ ಮನಸ್ಸಿನಲ್ಲೇ ಒಂದು, ಎರಡು ಎಂದು ಎಣಿಸಿ. ಹತ್ತು ದಾಟಿದರೆ ಬರೆದಿಡಿ, ಮೊಬೈಲಿದ್ದರೆ ಸದ್ದು ಹಿಡಿದಿಡಿ. ಅದನ್ನು ಸೊಲ್ಲಾಪುರದ ಸಿವಿಲ್ ಆಸ್ಪತ್ರೆಯ ವೈದ್ಯರಿಗೋ ನೀವು ತೋರಿಸುವ ವೈದ್ಯರಿಗೋ ಕೇಳಿಸಿ, ಸ್ಲೀಪ್ ಸ್ಟಡಿ ಎಲ್ಲಿ ಆಗುತ್ತದೆಂದು ಕೇಳಿಕೊಳ್ಳಿ. ಹಲ್ಲಿಗೆ ಸೊಲ್ಲಾಪುರದ ಕೇಗಾಂವದಲ್ಲಿ ದಂತ ಕಾಲೇಜಿದೆ, ಆ ಕಡೆ ಕಲಬುರಗಿಯಲ್ಲಿ ಎಸ್. ನಿಜಲಿಂಗಪ್ಪ ದಂತ ಕಾಲೇಜೂ ಅಲ್-ಬದರ್ ದಂತ ಕಾಲೇಜೂ ಇವೆ. ಹಲ್ಲು ಕಟ್ಟುವ ವಿಭಾಗದಲ್ಲಿ ದವಡೆ ಮುಂದೆ ತರುವ ಸಾಧನದ ಬಗ್ಗೆ ವಿಚಾರಿಸಿ. ಕೀಳಬೇಕೆಂದರೆ "ಉಳಿಸಲು ಬರುತ್ತದೆಯೇ?" ಎಂದು ಒಮ್ಮೆ ಕೇಳಿ.

ಮುಂದೆ ನಮ್ಮ ಚರ್ಚಿನ ಅಂಗಳದಲ್ಲಿ ದಂತ ಶಿಬಿರ ಆದಾಗ ರಿಜಿಸ್ಟರಿನಲ್ಲಿ ಎರಡು ಹೊಸ ಕಲಮುಗಳಿರುತ್ತವೆ: ಗೊರಕೆ ಉಂಟೇ, ಹಗಲು ತೂಕಡಿಕೆ ಉಂಟೇ. ಬರುವ ವೈದ್ಯರು ಒಪ್ಪಿದ್ದಾರೆ. ಟ್ರ್ಯಾಕ್ಟರಿನ ಆ ತಮ್ಮ ಹೋದ ವಾರ ಪರೀಕ್ಷೆಗೆ ಹೋಗಿ ಬಂದ. ರಿಪೋರ್ಟು ಇನ್ನೂ ಬಂದಿಲ್ಲ. ಬರುವವರೆಗೆ ರಾತ್ರಿಯ ಗಾಡಿಯನ್ನು ಅವನ ಅಣ್ಣ ಹೊಡೆಯುತ್ತಿದ್ದಾನೆ.